ಫರ್ಹಾದಿಯಾ: ಕಸದ ರಾಶಿಯಿಂದ ಮರಳಿ ಬಂದ ಕಲ್ಲುಗಳು

ಉಸ್ಮಾನಿ ಕಾಲದ ಮಸೀದಿಗಳೆಂದೊಡನೆ ನಮ್ಮ ಮನಸ್ಸು ಇಸ್ತಾಂಬುಲ್‌ನತ್ತ ಹರಿಯುತ್ತದೆ. ಅದು ಸಹಜ. ಆದರೆ ಬೋಸ್ನಿಯಾದ ಬಾನ್ಯಾ ಲೂಕಾ ನಗರದ ಫರ್ಹಾದಿಯಾ ಮಸೀದಿಯ ಚರಿತ್ರೆಯನ್ನು ಒಮ್ಮೆ ತಿಳಿದವರು ಅದನ್ನು ಮರೆಯಲಾರರು.

ಹಿಜರಿ 987ರಲ್ಲಿ, ಅಂದರೆ ಕ್ರಿ.ಶ. 1579ರಲ್ಲಿ, ಫರ್ಹಾದ್ ಪಾಶಾ ಸೊಕೊಲೊವಿಚ್ ಇದನ್ನು ಕಟ್ಟಿಸಿದರು. ಮರುವರ್ಷ ಅವರು ಬೋಸ್ನಿಯಾ ಪ್ರಾಂತ್ಯದ ಪ್ರಥಮ ಬೇಲರ್‌ಬೇ, ಅರ್ಥಾತ್ ರಾಜ್ಯಪಾಲರಾದರು. ಗಡಿಯ ಕದನದಲ್ಲಿ ಸೆರೆಸಿಕ್ಕ ಆಸ್ಟ್ರಿಯಾದ ಸೇನಾನಿಯೊಬ್ಬನ ಮಗನ ಬಿಡುಗಡೆಗೆಂದು ಬಂದ ಹಣದಿಂದಲೇ ಮಸೀದಿ ಎದ್ದು ನಿಂತಿತೆಂಬುದು ಅಲ್ಲಿಯ ಐತಿಹ್ಯ.

ಗಾತ್ರದಲ್ಲಿ ಇದು ದೊಡ್ಡದಲ್ಲ: ಅಗಲ 18 ಮೀಟರ್, ಉದ್ದ 14 ಮೀಟರ್, ಮುಖ್ಯ ಗುಮ್ಮಟದ ತುದಿಯವರೆಗೆ ಎತ್ತರ 18 ಮೀಟರ್. ಮಿಹ್ರಾಬ್ ಇರುವ ಭಾಗವು ಗೋಡೆಯಿಂದ ಮುಂಚಾಚಿದ್ದು, ಅದರ ಮೇಲೆ ಅರ್ಧಗುಮ್ಮಟವಿದೆ. ಎದುರಿಗೆ ಮೂರು ಕಿರುಗುಮ್ಮಟಗಳ ಮೊಗಸಾಲೆ. ಪಕ್ಕದಲ್ಲಿ ಗುಮ್ಮಟದ ಇಮ್ಮಡಿಗೂ ಮಿಗಿಲಾಗಿ, ಸುಮಾರು 43 ಮೀಟರ್ ಎತ್ತರಕ್ಕೆ ಏರಿದ ಒಂದೇ ಒಂದು ತೆಳುವಾದ ಮಿನಾರ. ಅಂಗಳದಲ್ಲಿ ವುಝೂವಿನ ಕಾರಂಜಿ ಮತ್ತು ಸಮಾಧಿ ಮಂದಿರಗಳು. ಹತ್ತಿರದಲ್ಲೇ ಒಂದು ಗಡಿಯಾರ ಗೋಪುರ. ನಮಾಝಿನ ವೇಳೆ, ಪೇಟೆಯ ವೇಳೆ ಎರಡನ್ನೂ ಊರು ಇಲ್ಲಿಂದಲೇ ಅರಿಯುತ್ತಿತ್ತು.

ಸಾಮ್ರಾಜ್ಯಗಳು ಅಳಿದರೂ, 1969ರ ಭೂಕಂಪವು ನಗರವನ್ನು ನಡುಗಿಸಿದರೂ ಮಸೀದಿ ಉಳಿಯಿತು. ಉಳಿಯದಂತೆ ಮಾಡಿದ್ದು ಮನುಷ್ಯರು. ಬೋಸ್ನಿಯಾ ಯುದ್ಧದ ನಡುವೆ, 1993ರ ಮೇ 7ರ ರಾತ್ರಿ ಸ್ಫೋಟಕಗಳನ್ನಿಟ್ಟು ಅದನ್ನು ಕೆಡವಲಾಯಿತು. ಮೊದಲ ಸ್ಫೋಟಕ್ಕೆ ಮಿನಾರ ಬೀಳಲಿಲ್ಲ. ಅದನ್ನು ಆಮೇಲೆ ಉರುಳಿಸಿದರು. ಅವಶೇಷಗಳನ್ನು ಊರಿನ ಕಸದ ರಾಶಿಗೆ ಸಾಗಿಸಿದರು, ಕೆಲವು ಕಲ್ಲುಗಳನ್ನು ಪುಡಿ ಮಾಡಿ ಹೊಂಡ ತುಂಬಿಸಿದರು. ಕಟ್ಟಡವನ್ನು ಕೆಡವುವುದು ಒಂದು ಕ್ರೌರ್ಯ. ಅದು ಇದ್ದಿತೆಂದು ಹೇಳಬಲ್ಲ ಕಲ್ಲೂ ಇರಬಾರದೆನ್ನುವುದು ಮತ್ತೊಂದು. ನನಗೆ ಎರಡನೆಯದೇ ಹೆಚ್ಚು ಭಯಾನಕವಾಗಿ ಕಾಣುತ್ತದೆ.

2001ರ ಮೇ 7ರಂದು ಪುನರ್ನಿರ್ಮಾಣದ ಶಿಲಾನ್ಯಾಸಕ್ಕೆ ಬಂದವರ ಮೇಲೆ ಗುಂಪೊಂದು ಎರಗಿತು. ಗಾಯಗೊಂಡ ವೃದ್ಧರೊಬ್ಬರು ಮುಂದೆ ಮರಣ ಹೊಂದಿದರು. ಜೂನ್ 18ರಂದು ಬಿಗಿ ಪಹರೆಯಲ್ಲಿ ಶಿಲಾನ್ಯಾಸ ನೆರವೇರಿತು.

ಕಾಂಕ್ರೀಟಿನಲ್ಲಿ ಹೊಸದೊಂದನ್ನು ಬೇಗನೆ ಕಟ್ಟಬಹುದಿತ್ತು. ನಮಾಝಿಗೆ ಇಡೀ ಭೂಮಿಯೇ ಸಾಲುತ್ತದೆ, ಕಲ್ಲಿನ ಹಂಗೇಕೆ ಎಂದು ನಮ್ಮಲ್ಲಿ ಯಾರಾದರೂ ಕೇಳಬಹುದು. ಫಿಕ್‌ಹಿನ ದೃಷ್ಟಿಯಲ್ಲಿ ಅವರ ಮಾತು ಸರಿಯೇ. ಆದರೆ ಬೋಸ್ನಿಯಾದವರು ಕಸದ ರಾಶಿಯನ್ನು ಅಗೆದರು. ಸಿಕ್ಕ ತುಣುಕುಗಳನ್ನು ಹಳೆಯ ನಕ್ಷೆ, ಛಾಯಾಚಿತ್ರಗಳೊಡನೆ ಹೋಲಿಸಿ, ಯಾವ ಕಲ್ಲು ಕಮಾನಿನದು, ಯಾವುದು ಮಿನಾರದ್ದು ಎಂದು ಗುರುತಿಸಿದರು. ಬಳಸಬಹುದಾದವನ್ನು ಮತ್ತೆ ಗೋಡೆಗೇರಿಸಿದರು. ಶಿಲಾನ್ಯಾಸದಿಂದ ಪೂರ್ಣಗೊಳ್ಳುವವರೆಗೆ ಸುಮಾರು 15 ವರ್ಷಗಳೇ ಹಿಡಿದವು.

ಮಸೀದಿಯನ್ನು ಮರಳಿ ತೆರೆಯಲು ಅವರು ಆಯ್ದ ದಿನ 2016ರ ಮೇ 7. ಅದೇ ರಾತ್ರಿ ಕೆಡವಲಾಗಿದ್ದ ಅದೇ ಊರಿನ ಅರ್ನಾವುದಿಯಾ ಮಸೀದಿಯ ಬಾಗಿಲು ತೆರೆದದ್ದೂ ಮೇ 7ರಂದೇ, 2024ರಲ್ಲಿ.