ಕೆರೆಯ ಪಾಚಿ, ಕೇಶವವರ್ಣಿಯ ಟೀಕೆ: ಜೀವರಾಶಿಯ ವರ್ಗೀಕರಣದ ಚರಿತ್ರೆಗೆ ಒಂದು ಟಿಪ್ಪಣಿ

ಹೈದರಾಬಾದಿನ ಮಾದಾಪುರದ ದುರ್ಗಂ ಚೆರುವಿಗೆ ಈಗ ಕೇಬಲ್ ಸೇತುವೆಯ ಹೆಸರೇ ಹೆಚ್ಚು. ಕುತುಬ್‌ಶಾಹಿಗಳ ಕಾಲದಲ್ಲಿ ಗೋಲ್ಕೊಂಡ ಕೋಟೆಗೆ ನೀರು ಕೊಟ್ಟ ಕೆರೆ ಇದು. ಇಂಥ ಕೆರೆಯ ದಂಡೆಯ ಕಲ್ಲಿಗೆ ಹತ್ತಿದ ಹಸಿರು ಲೋಳೆಯನ್ನು ನಾವು ಪಾಚಿ ಎನ್ನುತ್ತೇವೆ, ಇಲ್ಲಿಯ ತೆಲುಗರು ನಾಚು ಎನ್ನುತ್ತಾರೆ. ಕಾಲಿಟ್ಟರೆ ಜಾರುತ್ತದೆ ಎಂಬಷ್ಟು ತಿಳಿದರೆ ಊರವರಿಗೆ ಸಾಕು. ಅದು ಯಾವ ಗುಂಪಿಗೆ ಸೇರಿದ್ದು ಎಂದು ಕೇಳಿದಾಗಲೇ ತೊಡಕು ಶುರು.

ಲಿನೇಯಸ್ 1735ರಲ್ಲಿ ನಿಸರ್ಗವನ್ನು ಪ್ರಾಣಿ, ಸಸ್ಯ, ಖನಿಜ ಎಂದು ಮೂರು ಸಾಮ್ರಾಜ್ಯಗಳಾಗಿ ಹಂಚಿದ. ಪಾಚಿ ಸಸ್ಯಗಳ ಕಡೆ ಹೋಯಿತು. ಸಸ್ಯ, ಪ್ರಾಣಿ ಎರಡೂ ಕಡೆ ಹೊಂದದ ಸೂಕ್ಷ್ಮಜೀವಿಗಳಿಗಾಗಿ ಹೆಕೆಲ್ 1866ರಲ್ಲಿ ಪ್ರೊಟಿಸ್ಟಾ ಎಂಬ ಮೂರನೆಯ ಮನೆ ಕಟ್ಟಿದ. ವಿಟಕರ್‌ನ 1969ರ ಐದು ಸಾಮ್ರಾಜ್ಯಗಳನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ: ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ. ಅಣಬೆ ಗಿಡವಲ್ಲ ಎಂದಾದದ್ದೂ, ಕೋಶಕೇಂದ್ರವಿಲ್ಲದ ನೀಲಿ-ಹಸಿರು ಪಾಚಿ ಮೊನೆರಾಕ್ಕೆ ಹೋದದ್ದೂ ಈ ಲೆಕ್ಕದಲ್ಲೇ. 1977ರಲ್ಲಿ ಕಾರ್ಲ್ ವೋಸ್, ಜಾರ್ಜ್ ಫಾಕ್ಸ್ ಇಬ್ಬರೂ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ನೋಡಿದರು. ಗಾಳಿಯಾಡದ ಕೆಸರಿನಲ್ಲಿ ಮೀಥೇನ್ ಬಿಡುವ ಜೀವಿಗಳು ಬ್ಯಾಕ್ಟೀರಿಯಾದ ಬಳಗವೇ ಅಲ್ಲ ಎಂದು ತೋರಿತು. 1990ರ ಹೊತ್ತಿಗೆ ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯಾ ಎಂಬ ಮೂರು ಡೊಮೇನ್‌ಗಳು ಬಂದವು. ನೀಲಿ-ಹಸಿರು ಪಾಚಿಯ ಹೆಸರಲ್ಲಿ ಪಾಚಿ ಉಳಿಯಿತು, ಜಾತಿ ಮಾತ್ರ ಬ್ಯಾಕ್ಟೀರಿಯಾ ಆಯಿತು.

ಈ ಕಥೆಯನ್ನು ಕನ್ನಡದಲ್ಲಿ ಹೇಳುವಾಗ ನಾವು ಯುರೋಪಿನಿಂದಲೇ ಶುರು ಮಾಡಿ ಅಲ್ಲೇ ಮುಗಿಸುತ್ತೇವೆ. ಅದು ಅರ್ಧ ಕಥೆ. ಗಂಗರ ಮಂತ್ರಿ ಚಾವುಂಡರಾಯನಿಗಾಗಿ ಜೈನ ಮುನಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪ್ರಾಕೃತದಲ್ಲಿ ‘ಗೊಮ್ಮಟಸಾರ’ ಬರೆದ. ಜೀವಗಳನ್ನು ವಿಂಗಡಿಸುವ ಅದರ ‘ಜೀವಕಾಂಡ’ದಲ್ಲಿ ಏಳುನೂರಕ್ಕೂ ಹೆಚ್ಚು ಗಾಹೆಗಳು, ಅಂದರೆ ಪ್ರಾಕೃತ ಪದ್ಯಗಳು, ಇವೆ. 1359ರಲ್ಲಿ ಕೇಶವವರ್ಣಿ ಆ ಗ್ರಂಥಕ್ಕೆ ಸಂಸ್ಕೃತ ಬೆರೆತ ಕನ್ನಡದಲ್ಲಿ ‘ಜೀವತತ್ತ್ವಪ್ರದೀಪಿಕೆ’ ಎಂಬ ಟೀಕೆ ಬರೆದ. ಅದೇ ಹೆಸರಿನ ಸಂಸ್ಕೃತ ಟೀಕೆ ಈ ಕನ್ನಡವನ್ನು ಆಧರಿಸಿದ್ದು, ಕರ್ತೃ ಕೇಶವವರ್ಣಿಯಲ್ಲ ಎಂದು ಸದಲಗದ ಆ. ನೇ. ಉಪಾಧ್ಯೆ ತೋರಿಸಿಕೊಟ್ಟರು. ಹದಿನೆಂಟನೆಯ ಶತಮಾನದಲ್ಲಿ ಜೈಪುರದ ಟೋಡರಮಲ್ಲ ತನ್ನ ಭಾಷೆಯಲ್ಲಿ ಬರೆದ ಟೀಕೆಗೆ ಆ ಸಂಸ್ಕೃತವೇ ಆಧಾರ. ಅಂದರೆ ಕನ್ನಡದ ಮಾತು ರಾಜಸ್ಥಾನದವರೆಗೆ ನಡೆದುಹೋಗಿದೆ.

ಜೀವಕಾಂಡದ ಲೆಕ್ಕ ಇಂದ್ರಿಯದ್ದು. ಸ್ಪರ್ಶ ಒಂದೇ ಇರುವ ಸ್ಥಾವರಗಳು ಏಕೇಂದ್ರಿಯ. ರುಚಿ ಸೇರಿದರೆ ಹುಳು, ಶಂಖ. ವಾಸನೆ ಸೇರಿದರೆ ಇರುವೆ. ಕಣ್ಣು ಬಂದರೆ ದುಂಬಿ. ಕಿವಿಯೂ ಬಂದರೆ ಮೀನು, ಹಕ್ಕಿ, ದನ, ಮನುಷ್ಯ. ಜೈನಾಗಮಗಳಿಂದ ಬಂದ ಈ ಏಣಿ ಓದುಗರಿಗೆ ಪರಿಚಿತವೇ. ನನ್ನನ್ನು ಹಿಡಿದು ನಿಲ್ಲಿಸುವುದು ಗಿಡಗಳ ಭಾಗ. ಬೇರಿನಿಂದ ಹುಟ್ಟುವುದು, ತುದಿಯಿಂದ ಹುಟ್ಟುವುದು, ಗೆಣ್ಣಿನಿಂದ, ಗೆಡ್ಡೆಯಿಂದ, ಕಾಂಡದಿಂದ, ಬೀಜದಿಂದ ಹುಟ್ಟುವುದು, ಇವೊಂದೂ ಇಲ್ಲದೆ ತಾನಾಗಿ ಏಳುವುದು ಎಂದು ಅಲ್ಲಿ ವಿಂಗಡಣೆ. ಕಬ್ಬನ್ನು ಗೆಣ್ಣು ನೋಡಿ ಕತ್ತರಿಸಿ ನೆಡುವ, ಸುವರ್ಣಗೆಡ್ಡೆಯನ್ನು ಹೋಳು ಮಾಡಿ ಹೂಳುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂವಿನ ಕೇಸರ ಎಣಿಸಿದ ಲಿನೇಯಸ್ಸನದು ಒಂದು ದಾರಿ, ಮುಂದಿನ ಬೆಳೆ ಎಲ್ಲಿಂದ ಏಳುತ್ತದೆಂದು ನೋಡಿದ್ದು ಇನ್ನೊಂದು.

ಇನ್ನೊಂದು ಭೇದವೂ ಇದೆ. ಲಿನೇಯಸ್ಸನದು ಪೆಟ್ಟಿಗೆಯೊಳಗೆ ಪೆಟ್ಟಿಗೆ. ಒಂದು ಜೀವಿಗೆ ಒಂದೇ ಜಾಗ. ಜೀವಕಾಂಡದಲ್ಲಿ ಗತಿ, ಇಂದ್ರಿಯ, ಕಾಯ ಮೊದಲಾದ ಹದಿನಾಲ್ಕು ಮಾರ್ಗಣೆಗಳಿವೆ. ಅದೇ ಇರುವೆಯನ್ನು ಹದಿನಾಲ್ಕು ಬಾಗಿಲಿನಿಂದ ಹೊಕ್ಕು ಎಣಿಸಬಹುದು. ಮರವಲ್ಲ ಇದು, ಕೋಷ್ಟಕ. ಉದ್ದೇಶವೂ ಬೇರೆ: ಯಾವುದಕ್ಕೆ ಎಷ್ಟು ನೋವಾಗುತ್ತದೆ, ಯಾವುದನ್ನು ತಿನ್ನಬಾರದು ಎಂಬ ಅಹಿಂಸೆಯ ಪ್ರಶ್ನೆ ಹಿಂದಿದೆ. ಒಂದೇ ಒಡಲಲ್ಲಿ ಅನಂತ ಜೀವಗಳಿರುವ ‘ಸಾಧಾರಣ’ ವನಸ್ಪತಿ ಎಂಬ ಕಾರಣಕ್ಕೇ ಹಸಿಶುಂಠಿ, ಗೆಡ್ಡೆಗೆಣಸು ಕಟ್ಟುನಿಟ್ಟಿನ ಜೈನರ ಅಡುಗೆಮನೆಗೆ ಬರುವುದಿಲ್ಲ.

ಹೀಗೆ ಒಂದೇ ಒಡಲನ್ನು ಹಂಚಿಕೊಂಡ ಅತಿಸೂಕ್ಷ್ಮ ಜೀವಗಳಿಗೆ ಜೈನರು ನಿಗೋದ ಎನ್ನುತ್ತಾರೆ. ಇಷ್ಟು ಕಂಡೊಡನೆ ನಿಗೋದವೇ ಬ್ಯಾಕ್ಟೀರಿಯಾ, ನಮ್ಮವರು ಮೊದಲೇ ಕಂಡಿದ್ದರು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಗೋದ ಕರ್ಮಸಿದ್ಧಾಂತದ ಅಗತ್ಯದಿಂದ ಬಂದ ಕಲ್ಪನೆ, ಸೂಕ್ಷ್ಮದರ್ಶಕದಿಂದ ಬಂದದ್ದಲ್ಲ. ಮಣ್ಣು, ನೀರು, ಬೆಂಕಿ, ಗಾಳಿಯನ್ನೂ ಒಡಲು ಮಾಡಿಕೊಂಡ ಜೀವಗಳಿವೆ ಎನ್ನುವ ಶಾಸ್ತ್ರವನ್ನು ಇಂದಿನ ಜೀವವಿಜ್ಞಾನದ ಅಳತೆಗೆ ಎಳೆದು ಕೂರಿಸಿದರೆ ಎರಡಕ್ಕೂ ಅನ್ಯಾಯ. ಹಾಗೆಂದು ಧರ್ಮಗ್ರಂಥವೆಂದು ಬದಿಗಿಡುವುದೂ ಸರಿಯಲ್ಲ. ಇರುವೆ, ದುಂಬಿ, ಕಬ್ಬು, ಗೆಡ್ಡೆಗಳನ್ನು ನೋಡಿದ ಕಣ್ಣು ನಿಜವಾದದ್ದೇ.

ಕೇಶವವರ್ಣಿಯ ಆ ಕನ್ನಡ ಟೀಕೆಯನ್ನು ಭಾರತೀಯ ಜ್ಞಾನಪೀಠ ಅಚ್ಚು ಮಾಡಿದೆ. ಹಳಗನ್ನಡ ಬಲ್ಲವರೊಬ್ಬರು, ಸಸ್ಯಶಾಸ್ತ್ರ ಬಲ್ಲವರೊಬ್ಬರು ಜೊತೆಗೆ ಕೂತು ಅದರಲ್ಲಿ ಬರುವ ಗಿಡ, ಹುಳುಗಳ ಹೆಸರುಗಳನ್ನು ಪಟ್ಟಿ ಮಾಡಬೇಕು.