ನಾಕ್ ಅಪ್
'ನಾಕ್ ಅಪ್' ಎಂಬುದು ಇಂಗ್ಲಿಷಿನ ಒಂದು ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದವೂ ಅವ್ಯಯವೂ ಸೇರಿ ಬೇರೆಯೇ ಅರ್ಥವನ್ನು ಕೊಡುವ ನುಡಿಗಟ್ಟು. ಬ್ರಿಟನ್ನಿನಲ್ಲಿ ಇದರ ಹಳೆಯ ಅರ್ಥ 'ಬಾಗಿಲು ತಟ್ಟಿ ಎಬ್ಬಿಸು' ಎಂದು. ಅಮೆರಿಕದ ಆಡುನುಡಿಯಲ್ಲಿ ಇದಕ್ಕೆ 'ಗರ್ಭಿಣಿಯನ್ನಾಗಿಸು' ಎಂಬ ಅರ್ಥವಿದೆ. ಕನ್ನಡದ 'ಕೈಕೊಡು' ಎಂಬುದಕ್ಕೆ 'ಮೋಸಮಾಡು' ಎಂಬ ಅರ್ಥವು ಬಿಡಿಪದಗಳಿಂದ ತಿಳಿಯದಿರುವಂತೆ, ಇದರ ಅರ್ಥಗಳನ್ನೂ ಬಳಕೆಯಿಂದಲೇ ತಿಳಿಯಬೇಕಾಗುತ್ತದೆ.

ವ್ಯುತ್ಪತ್ತಿ
'ನಾಕ್' ಎಂಬ ಧಾತುವು ಹಳೆಯ ಇಂಗ್ಲಿಷಿನಿಂದ ಬಂದಿದ್ದು, ತಟ್ಟು ಅಥವಾ ಬಡಿ ಎಂಬ ಅರ್ಥವುಳ್ಳದ್ದಾಗಿದೆ. 'ಅಪ್' ಎಂದರೆ ಮೇಲಕ್ಕೆ. ಮಲಗಿದವರನ್ನು ತಟ್ಟಿ ಮೇಲೇಳಿಸುವ ಅರ್ಥದಲ್ಲಿ ಈ ನುಡಿಗಟ್ಟು 17ನೆಯ ಶತಮಾನದಿಂದ ಬಳಕೆಯಲ್ಲಿದೆ.

ಬ್ರಿಟನ್ನಿನ ಬಳಕೆ
ಅಲಾರಂ ಗಡಿಯಾರಗಳು ಅಗ್ಗವಾಗುವ ಮೊದಲು, ಬ್ರಿಟನ್ನಿನ ಕೈಗಾರಿಕಾ ಪಟ್ಟಣಗಳಲ್ಲಿ ಕಾರ್ಮಿಕರನ್ನು ನಸುಕಿನಲ್ಲಿ ಎಬ್ಬಿಸುವುದೇ ಒಂದು ವೃತ್ತಿಯಾಗಿತ್ತು. ಈ ಕೆಲಸ ಮಾಡುವವರನ್ನು 'ನಾಕರ್-ಅಪ್' ಎಂದು ಕರೆಯುತ್ತಿದ್ದರು. ಅವರು ಉದ್ದನೆಯ ಕೋಲಿನಿಂದ ಮಹಡಿಯ ಕಿಟಕಿಯನ್ನು ತಟ್ಟುತ್ತಿದ್ದರು. ಇದಕ್ಕಾಗಿ ವಾರಕ್ಕೆ ಕೆಲವು ಪೆನ್ನಿಗಳ ಕೂಲಿ ದೊರೆಯುತ್ತಿತ್ತು. ಪೂರ್ವ ಲಂಡನ್ನಿನ ಮೇರಿ ಸ್ಮಿತ್ ಎಂಬಾಕೆ ಊದುಕೊಳವೆಯಿಂದ ಒಣ ಬಟಾಣಿಗಳನ್ನು ಕಿಟಕಿಗೆ ಹೊಡೆದು ಎಬ್ಬಿಸುತ್ತಿದ್ದುದು ಪ್ರಸಿದ್ಧವಾಗಿದೆ.

ಇದಲ್ಲದೆ, ಅಡುಗೆಯನ್ನೋ ವಸ್ತುವನ್ನೋ ಅವಸರದಲ್ಲಿ ಸಿದ್ಧಪಡಿಸುವುದಕ್ಕೂ 'ನಾಕ್ ಅಪ್' ಎನ್ನುತ್ತಾರೆ. ಟೆನಿಸ್‌ನಲ್ಲಿ ಪಂದ್ಯಕ್ಕೆ ಮೊದಲು ಚೆಂಡಾಡಿ ಮೈ ಬೆಚ್ಚಗಾಗಿಸಿಕೊಳ್ಳುವುದಕ್ಕೂ ಇದೇ ಹೆಸರು.

ಅಮೆರಿಕದ ಬಳಕೆ
ಗರ್ಭಧಾರಣೆಯ ಅರ್ಥವು ಅಮೆರಿಕದಲ್ಲಿ 19ನೆಯ ಶತಮಾನದ ಆರಂಭದಿಂದ ಕಂಡುಬರುತ್ತದೆ. 16ನೆಯ ಶತಮಾನದ ಕೊನೆಯ ವೇಳೆಗೇ 'ನಾಕ್' ಎಂಬುದಕ್ಕೆ ಲೈಂಗಿಕ ಅರ್ಥವಿತ್ತು. ಅದರಿಂದಲೇ ಈ ಬಳಕೆ ಹುಟ್ಟಿರಬಹುದೆಂದು ಊಹಿಸಲಾಗಿದೆ. 2007ರಲ್ಲಿ ಜಡ್ ಅಪಟೋ ನಿರ್ದೇಶಿಸಿದ ಹಾಲಿವುಡ್ ಹಾಸ್ಯಚಿತ್ರ 'ನಾಕ್ಡ್ ಅಪ್'ನ ಶೀರ್ಷಿಕೆಯು ಈ ಅರ್ಥದ್ದಾಗಿದೆ.

ಬಳಕೆಯಲ್ಲಿ ಎಚ್ಚರ
ಈ ನುಡಿಗಟ್ಟಿನ ಕರ್ಮಪದವು ಎರಡು ಪದಗಳ ನಡುವೆ ಬರಬಹುದು. "ನಾಕ್ ಮಿ ಅಪ್ ಅಟ್ ಸಿಕ್ಸ್" ಎಂದರೆ ಹಳೆಯ ತಲೆಮಾರಿನ ಬ್ರಿಟಿಷರಿಗೆ "ನನ್ನನ್ನು ಆರು ಗಂಟೆಗೆ ಎಬ್ಬಿಸಿ" ಎಂಬ ಸರಳ ಕೋರಿಕೆ. ಅಮೆರಿಕದವರ ಕಿವಿಗೆ ಅದೇ ಮಾತು ಅಶ್ಲೀಲವಾಗಿ ಕೇಳಿಸುತ್ತದೆ. ಅಮೆರಿಕದ ಅರ್ಥವು ಈಗ ಬ್ರಿಟನ್ನಿನಲ್ಲಿಯೂ ಪರಿಚಿತವಾಗಿದೆ.

ಗರ್ಭಧಾರಣೆಯ ಅರ್ಥದಲ್ಲಿ ಪುರುಷನು ಕರ್ತೃವಾಗಿಯೂ ಸ್ತ್ರೀಯು ಕೇವಲ ಕರ್ಮವಾಗಿಯೂ ಬರುತ್ತಾರೆ. ಅನೇಕ ವೇಳೆ ಬಯಸದ ಗರ್ಭವೆಂಬ ಧ್ವನಿಯೂ ಇರುತ್ತದೆ. ಆದ್ದರಿಂದ ಇದನ್ನು ಅಸಭ್ಯವೆಂದು ಪರಿಗಣಿಸಲಾಗುತ್ತದೆ. ಔಪಚಾರಿಕ ಬರವಣಿಗೆಯಲ್ಲಿ 'ಪ್ರೆಗ್ನೆಂಟ್' ಎಂಬ ಪದವೂ, ನಿದ್ದೆಯಿಂದ ಎಬ್ಬಿಸುವ ಅರ್ಥಕ್ಕೆ 'ವೇಕ್ ಅಪ್' ಎಂಬುದೂ ಸೂಕ್ತವಾಗಿವೆ.