ಗುತ್ತಿಗೆ ಶಿಕ್ಷಕ ಪದ್ಧತಿ

ಕಾಯಂ ಶಿಕ್ಷಕರ ಬದಲು, ಅವರ ಸಂಬಳದ ಸಣ್ಣದೊಂದು ಪಾಲಿಗೆ, ನಿಗದಿತ ಅವಧಿಗೆ ಸ್ಥಳೀಯರನ್ನು ನೇಮಿಸಿಕೊಂಡು ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ನಡೆಸುವ ವ್ಯವಸ್ಥೆ. ಭಾರತ, ಕೀನ್ಯಾ, ಇಂಡೊನೇಷ್ಯಾ ಹಾಗೂ ಪಶ್ಚಿಮ ಆಫ್ರಿಕಾದ ಹಲವು ದೇಶಗಳಲ್ಲಿ ಇದೆ. ಶಿಕ್ಷಾಕರ್ಮಿ, ಗುರೂಜಿ, ವಿದ್ಯಾ ಸಹಾಯಕ, ಶಿಕ್ಷಾಮಿತ್ರ ಎಂದು ಹೆಸರುಗಳು ಹಲವು. ಕೊಡುವ ಹಣಕ್ಕೆ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಹೆಸರು: ಗೌರವಧನ. ಸಂಬಳವೆಂದು ಕರೆದರೆ ತುಟ್ಟಿಭತ್ಯೆ, ಪಿಂಚಣಿಗಳೂ ಬೆನ್ನಿಗೇ ಬರುತ್ತವೆ.

ಭಾರತದಲ್ಲಿ ಇದರ ಆರಂಭ ಕೇವಲ ಉಳಿತಾಯದ ಲೆಕ್ಕಾಚಾರದಿಂದ ಆದದ್ದಲ್ಲ. ರಾಜಸ್ಥಾನದ ಕುಗ್ರಾಮಗಳಲ್ಲಿ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ಬಾರದೆ ಬಾಗಿಲು ಮುಚ್ಚಿರುತ್ತಿತ್ತು. ಸ್ವೀಡನ್ನಿನ ನೆರವಿನಿಂದ 1987ರಲ್ಲಿ ಶುರುವಾದ ಶಿಕ್ಷಾಕರ್ಮಿ ಯೋಜನೆ ಅದೇ ಊರಿನ ಇಬ್ಬರನ್ನು ಆರಿಸಿಕೊಂಡಿತು. ಗಂಡಸರಿಗೆ ಎಂಟನೆಯ, ಹೆಂಗಸರಿಗೆ ಐದನೆಯ ತರಗತಿ ಓದಿದ್ದರೆ ಸಾಕಿತ್ತು. ಓದಿನ ಕೊರತೆಯನ್ನು ಮತ್ತೆ ಮತ್ತೆ ಕೊಡುವ ತರಬೇತಿಯಿಂದ ತುಂಬುವುದು ಯೋಜನೆಯ ಜೀವಾಳ. ಮುಂದೆ ಬಂದ ಅನೇಕ ರಾಜ್ಯಗಳು ತರಬೇತಿಯನ್ನು ಹಿಂದೆ ಬಿಟ್ಟು ಅಗ್ಗವನ್ನಷ್ಟೇ ಹಿಡಿದುಕೊಂಡವು. ಮಧ್ಯಪ್ರದೇಶ 1997ರ ಶಿಕ್ಷಣ ಖಾತರಿ ಯೋಜನೆಯಲ್ಲಿ ಒಂದು ಕಿಲೋಮೀಟರ್ ಒಳಗೆ ಶಾಲೆಯಿಲ್ಲದ ಊರಿನವರು ಕೇಳಿದರೆ 90 ದಿನಗಳಲ್ಲಿ ಶಾಲೆ ಕೊಡುವ ಮಾತು ಕೊಟ್ಟಿತು. ಶಾಲೆಗಳು ಬಂದವು, ಗುರೂಜಿಗೆ ಮೊದಮೊದಲು ಸಿಕ್ಕಿದ್ದು ತಿಂಗಳಿಗೆ 500 ರೂಪಾಯಿ.

ಪದ್ಧತಿಯ ಪೂರ್ಣ ಚಿತ್ರ ಕಾಣಬೇಕಾದರೆ ಉತ್ತರಪ್ರದೇಶದತ್ತ ನೋಡಬೇಕು. 1999ರ ಆದೇಶದಂತೆ ಹನ್ನೆರಡನೆಯ ತರಗತಿ ಪಾಸಾದ ಊರಿನವರನ್ನೇ ಶಿಕ್ಷಾಮಿತ್ರರಾಗಿ ಆರಿಸಲಾಯಿತು. ನೇಮಕಾತಿ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ, ಇದು ಉದ್ಯೋಗವಲ್ಲ, ಸೇವೆ ಎಂಬ ಷರತ್ತಿನೊಂದಿಗೆ. ಆದರೆ ಒಂದು ವರ್ಷದ ಸೇವೆ ಹದಿನೈದು ವರ್ಷ ಮುಂದುವರಿಯಿತು, ಸಂಖ್ಯೆ 1.7 ಲಕ್ಷ ದಾಟಿತು. 2014ರಲ್ಲಿ ಸರ್ಕಾರ ಶಿಕ್ಷಕರ ಅರ್ಹತಾ ಪರೀಕ್ಷೆಯಿಂದ ವಿನಾಯಿತಿ ಕೊಟ್ಟು ಅವರನ್ನು ಕಾಯಂ ಮಾಡಲು ಹೊರಟಿತು. ಅಲಹಾಬಾದ್ ಹೈಕೋರ್ಟ್ 2015ರ ಸೆಪ್ಟೆಂಬರಿನಲ್ಲಿ ಇದನ್ನು ರದ್ದುಗೊಳಿಸಿತು; 2017ರ ಜುಲೈ 25ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಕಾಯಂ ಶಿಕ್ಷಕರ ಸಂಬಳ ಎಣಿಸಿದ್ದವರು ಮತ್ತೆ ಶಿಕ್ಷಾಮಿತ್ರರಾಗಿ, 10,000 ರೂಪಾಯಿ ಗೌರವಧನಕ್ಕೆ ಅದೇ ಮಕ್ಕಳ ಮುಂದೆ ನಿಂತರು. ಕಾನೂನಿನ ಪ್ರಕಾರ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅನರ್ಹರೆನಿಸಿಕೊಂಡವರಿಂದಲೇ ಅಷ್ಟು ವರ್ಷ ಪಾಠ ಹೇಳಿಸಿದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಇವರು ಕಲಿಸಿದರೆ ಮಕ್ಕಳು ಕಲಿಯುತ್ತಾರೆಯೇ? ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವಿಭಜಿತ ಆಂಧ್ರಪ್ರದೇಶದ 100 ಗ್ರಾಮೀಣ ಶಾಲೆಗಳಿಗೆ ತಲಾ ಒಬ್ಬ ಹೆಚ್ಚುವರಿ ಗುತ್ತಿಗೆ ಶಿಕ್ಷಕರನ್ನು ಕೊಟ್ಟು ನೋಡಿದರು. ಮಕ್ಕಳ ಅಂಕ ಏರಿತು. ಗುತ್ತಿಗೆಯವರ ಗೈರುಹಾಜರಿ ಶೇ. 18, ಕಾಯಂ ಶಿಕ್ಷಕರದು ಶೇ. 27. ಪಶ್ಚಿಮ ಕೀನ್ಯಾದಲ್ಲಿ ಎಸ್ತರ್ ಡುಫ್ಲೊ, ಪಾಸ್ಕಲೀನ್ ದೂಪಾ, ಮೈಕೆಲ್ ಕ್ರೆಮರ್ ನಡೆಸಿದ ಪ್ರಯೋಗವೂ ಹೀಗೆಯೇ ಹೇಳಿತು. ಜೊತೆಗೆ, ಹೊಸಬರು ಬಂದ ಶಾಲೆಗಳಲ್ಲಿ ಹಳಬರು ಕೆಲಸ ಸಡಿಲಿಸಿದ್ದೂ ಕಂಡಿತು. ಆದರೆ ಮುಂದಿನ ಅಧ್ಯಯನವೊಂದರಲ್ಲಿ ಸ್ವಯಂಸೇವಾ ಸಂಸ್ಥೆ ನಡೆಸಿದ ಶಾಲೆಗಳಲ್ಲಿ ಸಿಕ್ಕ ಫಲ, ಕೀನ್ಯಾ ಸರ್ಕಾರವೇ ನಡೆಸಿದ ಕಡೆ ಸಿಗಲಿಲ್ಲ. ಆ ದೇಶ ನೇಮಿಸಿಕೊಂಡಿದ್ದ 18,000 ಗುತ್ತಿಗೆ ಶಿಕ್ಷಕರು 2011ರ ಮುಷ್ಕರದ ಬಳಿಕ ಕಾಯಮಾತಿಯ ಭರವಸೆ ಪಡೆದರು. ಕೆಲಸ ಹೋಗಬಹುದೆಂಬ ಭಯದಿಂದ ಬರುವ ಶ್ರದ್ಧೆಯ ಮೇಲೆ ನಿಂತ ಅಂಕಗಳನ್ನು ಎಷ್ಟು ದೂರ ನಂಬಬಹುದು ಎಂಬ ಸಂಶಯಕ್ಕೆ ಇಲ್ಲಿ ಆಧಾರವಿದೆ.

ಕರ್ನಾಟಕದಲ್ಲಿ ಇದರ ರೂಪ ಅತಿಥಿ ಶಿಕ್ಷಕ. ಮನೆಗೆ ಬಂದ ಅತಿಥಿಗೇ ಅಡಿಗೆ, ಕಸ, ಪಾತ್ರೆ ಒಪ್ಪಿಸಿದಂತೆ ಈ ಹೆಸರು. ಖಾಲಿ ಹುದ್ದೆಯ ಎದುರಿಗೆ ಶೈಕ್ಷಣಿಕ ವರ್ಷದ ಮಟ್ಟಿಗಷ್ಟೇ ಇವರನ್ನು ತೆಗೆದುಕೊಳ್ಳಲಾಗುತ್ತದೆ. ಬೇಸಿಗೆ ರಜೆಯಲ್ಲಿ ಗೌರವಧನವಿಲ್ಲ. ವರ್ಷದ ನಡುವೆ ಆ ಜಾಗಕ್ಕೆ ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ಅತಿಥಿ ಅಂದೇ ಹಾಜರಿ ಪುಸ್ತಕದಿಂದ ಹೊರಗೆ.